ಇಲ್ಲದ ಅಣ್ಣ

ನನಗೊಬ್ಬ ಅಣ್ಣನಿದ್ದ, ಬೆಳ್ಯಪ್ಪ ಅಂತ.
ಹುಟ್ಟಿದ್ದು ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ
ಆರು ವರ್ಷದ ಹಿಂದೆ, ರಾತ್ರಿ ಎಂಟೂಕಾಲಿಗೆ.
ಹುಟ್ಟುವಾಗಲೇ ಮೀಸೆಯಿತ್ತು, ಬುಲೆಟ್ ಬೈಕಿತ್ತು.

‘ಮಡಿಕೇರಿಗೆ ಕೊನೇ ಬಸ್ಸು ಹೋಯ್ತಾ?’ ಎಂದು ಕೇಳಿದವನು
ಹೋಯ್ತು ಅಂದ ಮೇಲೂ ಹೋಗದೆ
‘ನಿಮ್ಮದೆಲ್ಲಿ ಮನೆ?’ ಅಂದಿದ್ದ.
ಚಾರ್ಜು ಸತ್ತ ಫೋನನ್ನು ಕಿವಿಗಿಟ್ಟು
‘ಅಣ್ಣಾ, ಸರ್ಕಲ್ಲಿಗೆ ಬಂದ್ಯಾ?’ ಎಂದೆ.
ಅವನು ಹಲ್ಲಿಯ ಹಾಗೆ ಗೋಡೆಗೆ ಸರಿದ.
ಅಷ್ಟು ಸಲೀಸಾಗಿ ಹೆತ್ತೆ
ನನಗಿಂತ ಮೂರು ವರ್ಷ ದೊಡ್ಡವನನ್ನು.

ಮೆಡಿಕಲ್ ಶಾಪಿನಲ್ಲಿ ನನ್ನ ಕೆಲಸ.
ಬೆಳಗಿನಿಂದ ಗುರುತಿಲ್ಲದವರ ಮುಖಗಳೇ.
ಕಾಫಿ ಕೊಯ್ಲಿಗೆ ಬಂದ ಅಸ್ಸಾಮಿನವರು ಬೆರಳು ಕೊಯ್ದುಕೊಂಡು,
ತಿರುವು ತಿರುವಿಗೂ ಕಕ್ಕಿ ಸುಸ್ತಾದ ಪ್ರವಾಸಿಗಳು
ವಾಂತಿ ಮಾತ್ರೆಗೆ.
ನಡುವೆ ಕೌಂಟರಿನ ಗಾಜು ಇರುವ ತನಕ
ಎಲ್ಲರೂ ಒಳ್ಳೆಯವರು, ನಾನೂ.
ಶಟರು ಎಳೆದ ಮೇಲೆ ಲೆಕ್ಕ ಬೇರೆ.
ಹೆಸರು ಕೇಳಿದರೆ ಬಾಯಿಗೆ ಬಂದದ್ದು ಹೇಳುತ್ತೇನೆ.
ನಿಮಗೂ ಹೇಳುವುದಿಲ್ಲ.

ಬೆಳ್ಯಪ್ಪನನ್ನು ಮಿಲಿಟರಿಗೆ ಸೇರಿಸಿದೆ,
ರಜೆ ಹಾಕಿಸಿ ಊರಿಗೆ ಕರೆಸಿದೆ, ಕೋವಿ ಕೊಡಿಸಿದೆ.
ಬೇಕರಿಯ ಸಫೂರ ಒಂದು ಸಂಜೆ
‘ನಿನ್ನ ಅಣ್ಣನನ್ನು ಇವತ್ತೊಂದು ದಿನ ಕೊಡ್ತೀಯಾ’ ಎಂದಳು.
ಆಮೇಲೆ ಟೈಲರಿಂಗಿನ ದೇಚಿ.
ಒಂದೇ ಹೊತ್ತಿಗೆ ಮೂರು ದಾರಿಯಲ್ಲಿ
ಮೂವರನ್ನೂ ಕರೆದೊಯ್ಯಲು ಬರುತ್ತಲೇ ಇದ್ದ, ಪಾಪ,
ಒಮ್ಮೆಯೂ ಬಾರದೆ.

ನಮ್ಮಲ್ಲಿ ಆನೆ ಬಂದರೆ ಫೋನಿಗೆ ಮೆಸೇಜು ಬರುತ್ತದೆ:
ಕರಡಿಗೋಡಿನ ಕಡೆ ಮೂರು, ಜೊತೆಗೊಂದು ಮರಿ, ಎಚ್ಚರ.
ಕಳೆದ ಫೆಬ್ರವರಿಯ ಆ ರಾತ್ರಿ ಯಾವ ಮೆಸೇಜೂ ಇರಲಿಲ್ಲ.
ಬಸ್ಸು ಕೆಟ್ಟಿತ್ತು. ಸೇತುವೆ ಮೇಲೆ ನಡೆಯುತ್ತಿದ್ದೆ,
ನೆಲ್ಲಿಹುದಿಕೇರಿಯ ದೀಪಗಳು ಎದುರಿಗೇ,
ಗಾಳಿಯಲ್ಲಿ ಕಣದಲ್ಲಿ ಹರವಿದ ಕಾಫಿಹಣ್ಣಿನ ಹುಳಿ ನಾತ,
ಕೆಳಗೆ ಕಾವೇರಿ ಬಂಡೆಗಳ ನಡುವೆ ಸಣ್ಣಗೆ.

ಹಿಂದಿನಿಂದ ಬೈಕು. ನಿಧಾನ. ನಿಂತಿತು.
‘ಕುಶಾಲನಗರಕ್ಕೆ ಇದೇ ದಾರಿಯಾ?’
ಹೌದು.
‘ಬಿಡ್ಲಾ ಮನೆಗೆ?’
ಬೇಡ, ಅಣ್ಣ ಬರ್ತಿದ್ದಾನೆ.
ಹೆಲ್ಮೆಟ್ಟಿನೊಳಗೆ ನಕ್ಕ ಸದ್ದು.
‘ಯಾವ ಅಣ್ಣ?
ನಿಮಗೆ ಅಣ್ಣನೇ ಇಲ್ವಲ್ಲ.’

ಬೆಳ್ಯಪ್ಪ ಸತ್ತದ್ದು ಹಾಗೆ, ಸೇತುವೆಯ ಮಧ್ಯದಲ್ಲಿ,
ಗುಂಡು ತಾಗದೆ.
ದಾರಿ ತಪ್ಪಿದವನಲ್ಲ ಇವನು. ನನ್ನ ದಾರಿ ಅಳೆದಿಟ್ಟವನು.

ಕಾಲು ಮರಗಟ್ಟಿತು ನಿಜ. ಸುಳ್ಳು ಹೇಳುವುದಿಲ್ಲ.
ಆದರೆ ಡಾಕ್ಟರುಗಳ ಗೀಚು ಓದಿ ಓದಿ ಪಳಗಿದ ಕಣ್ಣು,
ಕತ್ತಲಲ್ಲೂ ನಂಬರ್ ಪ್ಲೇಟು ಓದಿತು,
ಗಂಟಲು ಅದನ್ನು ಕೂಗಿತು,
ಆನೆ ಓಡಿಸುವವರು ತಗಡು ಬಡಿದ ಹಾಗೆ:
ಕೆಎ ಹನ್ನೆರಡು!
ಮತ್ತೆ, ಉಳಿದ ಅಂಕಿಗಳ ಸಮೇತ, ಕೆಎ ಹನ್ನೆರಡು!
ನನ್ನಲ್ಲಿ ಇಷ್ಟು ದೊಡ್ಡ ಸ್ವರ ಇತ್ತೆಂದು
ನನಗೂ ಅಂದೇ ಗೊತ್ತಾದದ್ದು.
ಹೊಳೆಯಲ್ಲಿ ಗಾಳ ಹಾಕಿದ್ದವರ ಟಾರ್ಚು ಮೇಲೆದ್ದಿತು.
ಬೈಕು ತಿರುಗಿ ಹೋಯಿತು, ಕುಶಾಲನಗರದ ಕಡೆಗಲ್ಲ.

ಟಾರ್ಚು ಹಿಡಿದು ಹತ್ತಿ ಬಂದವರು ಕೇಳಿದ್ದು:
‘ಇಷ್ಟೊತ್ತಲ್ಲಿ ಒಬ್ಬಳೇ ಯಾಕೆ ಬಂದೆ?’
ಇನ್ನೊಬ್ಬ: ‘ಮನೆಯಲ್ಲಿ ಯಾರೂ ಇಲ್ವಾ, ಅಣ್ಣ ಗಿಣ್ಣ?’
ನಗು ಬಂತು. ಅಳುವೂ ಬಂತು, ಸ್ವಲ್ಪ ಹೊತ್ತಿನ ಮೇಲೆ.
ನಂಬರು ಯಾರೂ ಕೇಳಲಿಲ್ಲ.

ನಾನೇ ಬರೆದುಕೊಂಡೆ, ಪ್ಯಾರಾಸಿಟಮಾಲ್ ಡಬ್ಬದ ರಟ್ಟಿನ ಮೇಲೆ,
ಸ್ಟೇಷನ್ನಿಗೊಂದು ಕೊಟ್ಟೆ, ಸಫೂರನಿಗೊಂದು, ದೇಚಿಗೊಂದು.
ಈಗ ಎಂಟಕ್ಕೆ ಮೂವರೂ ಒಟ್ಟಿಗೆ ಶಟರು ಎಳೆಯುತ್ತೇವೆ.
ದೇಚಿ ಮಾತ್ರ ಈಗಲೂ ಒಮ್ಮೊಮ್ಮೆ
ಫೋನು ಕಿವಿಗಿಟ್ಟು ಬೆಳ್ಯಪ್ಪನ ಜೊತೆ ಮಾತಾಡುತ್ತಾಳೆ,
ಅಭ್ಯಾಸ. ನಾನು ಬೇಡವೆನ್ನುವುದಿಲ್ಲ.

ನಿನ್ನೆ ಒಬ್ಬ ಮುದುಕ, ಕೈಯಲ್ಲಿ ಚೀಟಿ,
ಮಾಲ್ದಾರೆಗೆ ಬಸ್ಸೆಲ್ಲಿ ನಿಲ್ಲುತ್ತದೆ ಮಗಳೇ ಎಂದ.
ಚೀಟಿ ಓದಿದೆ. ದಾರಿ ಹೇಳಿದೆ. ಬಸ್ಸು ಬರುವ ತನಕ ನಿಂತೆ,
ಎರಡು ಮಾರು ದೂರದಲ್ಲಿ,
ಅವನ ಕೈ ಎಲ್ಲಿದೆ ಎಂದು ನೋಡುತ್ತಲೇ.